ಕಾಲೇಜು ಫುಟ್‌ಬಾಲ್ ಆಟಗಾರರು ಪದವಿ ಮುಗಿಸದೆ ಡ್ರಾಫ್ಟ್‌ಗೆ ಹೋಗುವುದು ದಡ್ಡತನವಲ್ಲವೇ?

ನಿಮ್ಮ ಮಗ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದಾನೆ. ಅವನ ತರಗತಿಯಲ್ಲಿದ್ದ ಫುಟ್‌ಬಾಲ್ ಆಟಗಾರನೊಬ್ಬ ಇನ್ನೊಂದೇ ವರ್ಷ ಬಾಕಿ ಇರುವಾಗ ಓದು ಬಿಟ್ಟು, ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಹೆಸರು ಕೊಟ್ಟು ಹೋಗಿಬಿಟ್ಟ. ಮೂರು ವರ್ಷ ಓದಿದವನಿಗೆ ನಾಲ್ಕನೆಯದು ಭಾರವಾಯಿತೇ, ಇದು ದಡ್ಡತನವಲ್ಲವೇ ಎಂದು ಕೇಳಿದ್ದೀರಿ.

ಈ ಮಾತನ್ನು ನಾನು ಒಬ್ಬ ಹುಡುಗನ ಮುಖಕ್ಕೇ ಹೇಳಿದವನು. ಆಗ ನಾನು ಇಲ್ಲಿ ಪಿಎಚ್‌ಡಿ ಮಾಡುತ್ತ, ಸಂಜೆ ಹೊತ್ತು ಕ್ರೀಡಾಪಟುಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದೆ. ಯಾವ ಊರು, ಯಾವ ಹುಡುಗ ಎಂದು ಕೇಳಬೇಡಿ. 2016ರ ಡಿಸೆಂಬರ್. ಅಭ್ಯಾಸದ ಮೈದಾನಕ್ಕೆ ಅಂಟಿಕೊಂಡ ಸಣ್ಣ ಕೋಣೆ, ನೋವಿನ ಮುಲಾಮಿನ ವಾಸನೆ, ಸಾಮಾನ್ಯ ಮನುಷ್ಯರಿಗಾಗಿ ಮಾಡಿಸಿದ ಗಿಡ್ಡ ಮೇಜು. ಹುಡುಗ 140 ಕಿಲೋ ತೂಗುವವನು, ಮೇಜಿನ ಕೆಳಗೆ ಮೊಣಕಾಲು ತೂರಿಸಲಾಗದೆ ಅಡ್ಡ ಕೂತಿದ್ದ. ಎರಡೂ ಮೊಣಕಾಲಿಗೆ ಐಸ್ ಚೀಲ ಇಟ್ಟು ಪ್ಲಾಸ್ಟಿಕ್ ಹಾಳೆ ಸುತ್ತಿದ್ದರು. ಕರಗಿದ ನೀರು ಅವನ ಕಾಲ್ಚೀಲಕ್ಕೆ ಇಳಿಯುತ್ತಿತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಡ್ರಾಫ್ಟ್‌ಗೆ ಹೋಗುತ್ತೇನೆ ಎಂದ. ನಾನು ನಮ್ಮ ಮನೆಗಳಲ್ಲಿ ಹೇಳುವುದನ್ನೇ ಹೇಳಿದೆ: ಒಂದು ವರ್ಷ ತಾನೇ, ಮುಗಿಸಿ ಹೋಗು. ಕುಂಬ್ಳೆ ಟೆಸ್ಟ್ ಆಡುತ್ತಲೇ ಎಂಜಿನಿಯರಿಂಗ್ ಮುಗಿಸಿದ ಕಥೆಯನ್ನು ನಮ್ಮಮ್ಮ ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ, ಬಹುಶಃ ಅದೇ ತಲೆಯಲ್ಲಿತ್ತು. ಲೆಗ್ ಸ್ಪಿನ್ನರನ ದೇಹಕ್ಕೂ ಈ ಆಟದವರ ದೇಹಕ್ಕೂ ಹೋಲಿಕೆಯೇ ಇಲ್ಲ ಎಂದು ಆಗ ಹೊಳೆದಿರಲಿಲ್ಲ. ಇದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವುದು, ಓಡುವವನನ್ನು ಕೆಡವುವುದು. ನನ್ನ ಹುಡುಗನಂಥವರ ಕೆಲಸವಂತೂ ಒಂದೇ: ಎದುರು ನಿಂತ ಇನ್ನೊಬ್ಬ 140 ಕಿಲೋದವನಿಗೆ ಪಂದ್ಯವೊಂದಕ್ಕೆ ಅರವತ್ತು ಎಪ್ಪತ್ತು ಸಲ ಢಿಕ್ಕಿ ಹೊಡೆಯುವುದು.

ಅವನು ವಾದಿಸಲಿಲ್ಲ. ನೋಟುಪುಸ್ತಕ ತಿರುಗಿಸಿ ಕೇಳಿದ: ಒಂದು ಪಂದ್ಯದಲ್ಲಿ ಮೊಣಕಾಲು ಮುರಿಯುವ ಸಂಭವ ಇಷ್ಟು ಎಂದು ಗೊತ್ತಿದ್ದರೆ, ಹನ್ನೆರಡು ಪಂದ್ಯಕ್ಕೆ ಎಷ್ಟಾಗುತ್ತದೆ? ಪಂದ್ಯಕ್ಕೆ ನೂರಕ್ಕೆ ಎರಡು ಎಂದು ಸುಮ್ಮನೆ ಹಿಡಿದುಕೊಂಡೆವು. ನಿಜವಾದ ಅಂಕಿ ಅಲ್ಲ, ಲೆಕ್ಕ ಕಲಿಯಲು. 0.98 ಅನ್ನು ಹನ್ನೆರಡು ಸಲ ಗುಣಿಸಿ ಒಂದರಿಂದ ಕಳೆದರೆ ನೂರಕ್ಕೆ ಇಪ್ಪತ್ತೊಂದು ದಾಟಿತು. ಅವನು ಆ ಸಂಖ್ಯೆಯ ಸುತ್ತ ಪೆನ್ನಿನಿಂದ ವೃತ್ತ ಎಳೆದ. ಅಂಚಿನಲ್ಲಿ ಮೊದಲೇ ಎರಡು ಸಾಲು ಬರೆದುಕೊಂಡಿದ್ದ. ‘ಇದ್ದರೆ’ ಎಂಬುದರ ಕೆಳಗೆ ‘ಡಿಗ್ರಿ’. ‘ಹೋದರೆ’ ಎಂಬುದರ ಕೆಳಗೆ ‘ಅಮ್ಮನ ಬಾಡಿಗೆ’. ನಾನು ಸುಮ್ಮನಾದೆ.

ಈಗ ನಿಯಮದ ವಿಷಯ. ಹೈಸ್ಕೂಲು ಮುಗಿಸಿ ಮೂರು ವರ್ಷ ಕಳೆಯದೆ ಎನ್‌ಎಫ್‌ಎಲ್ ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಿಂದೆ ನಾಲ್ಕೂ ವರ್ಷ ಮುಗಿಯಬೇಕಿತ್ತು. 1988ರಲ್ಲಿ ಒಕ್ಲಹೋಮ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ ಹನ್ನೊಂದು ಪಂದ್ಯಗಳಲ್ಲಿ 2,628 ಗಜ ಓಡಿ, ಕಾಲೇಜು ಫುಟ್‌ಬಾಲ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ. ಅವನ ಕಾಲೇಜು ತಂಡ ಶಿಸ್ತುಕ್ರಮಕ್ಕೆ ಸಿಕ್ಕಿಕೊಂಡಿದ್ದರಿಂದ 1989ರಲ್ಲಿ ಅವನಿಗೆ ವಿಶೇಷ ಅನುಮತಿ ಸಿಕ್ಕಿತು. ಮರುವರ್ಷ ಬಾಗಿಲು ಮೂರನೇ ವರ್ಷದವರಿಗೆಲ್ಲ ತೆರೆಯಿತು. ಡ್ರಾಫ್ಟ್ ನಡೆಯುವುದು ಏಪ್ರಿಲ್ ಕೊನೆಯಲ್ಲಿ, ಮೂವತ್ತೆರಡು ತಂಡ, ಏಳು ಸುತ್ತು. ಬೇಗ ಹೊರಡುವವರು ಜನವರಿ ಮಧ್ಯದೊಳಗೆ ಹೆಸರು ಕೊಡಬೇಕು. ಬ್ಯಾಸ್ಕೆಟ್‌ಬಾಲ್‌ನವರಂತೆ ನೀರಿನ ಆಳ ನೋಡಿ ವಾಪಸ್ ಬರುವ ಅನುಕೂಲ ಇಲ್ಲಿಲ್ಲ. ಗಡುವು ದಾಟಿದ ಮೇಲೆ ಯಾವ ತಂಡವೂ ಆರಿಸದಿದ್ದರೂ ಕಾಲೇಜು ತಂಡದ ಬಾಗಿಲು ಮುಚ್ಚಿದಂತೆಯೇ.

ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಒಂದೇ ಒಂದು ಪಂದ್ಯದಲ್ಲಿದೆ. 2003ರ ಜನವರಿ 3, ಅರಿಜೋನಾದ ಟೆಂಪಿ, ರಾಷ್ಟ್ರೀಯ ಚಾಂಪಿಯನ್‌ಷಿಪ್. ಒಂದು ಕಡೆ ಒಹಾಯೊ ಸ್ಟೇಟ್‌ನ ಮಾರಿಸ್ ಕ್ಲಾರೆಟ್, ಕಾಲೇಜಿಗೆ ಬಂದು ಇನ್ನೂ ಮೊದಲ ವರ್ಷ. ಇನ್ನೊಂದು ಕಡೆ ಮಯಾಮಿಯ ವಿಲ್ಲಿಸ್ ಮೆಗಾಹಿ, ಮೂರನೇ ವರ್ಷ. ಇಬ್ಬರೂ ಚೆಂಡು ಹಿಡಿದು ಓಡುವವರು. ಆಟದ ನಾಲ್ಕನೇ ಭಾಗದಲ್ಲಿ ಮೆಗಾಹಿಯ ಎಡ ಮೊಣಕಾಲಿಗೆ ಎದುರಾಳಿಯ ಏಟು ನೇರವಾಗಿ ಬಿತ್ತು, ಕಾಲು ಹಿಂದಕ್ಕೆ ಬಾಗಬಾರದ ಕಡೆ ಬಾಗಿತು. ಮೂರು ಅಸ್ಥಿರಜ್ಜು ಹರಿದವು. ಆ ದೃಶ್ಯವನ್ನು ನಾನು ಒಮ್ಮೆ ನೋಡಿದ್ದೇನೆ, ಎರಡನೇ ಸಲ ನೋಡಲಾರೆ. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು, ಎರಡನೇ ಹೆಚ್ಚುವರಿ ಅವಧಿಯಲ್ಲಿ ಕ್ಲಾರೆಟ್ ಐದು ಗಜ ನುಗ್ಗಿ 31–24ರಿಂದ ಗೆಲ್ಲಿಸಿದ.

ಆ ರಾತ್ರಿ ಯಾರನ್ನು ಕೇಳಿದ್ದರೂ ಕ್ಲಾರೆಟ್‌ನ ಬದುಕು ನೆಟ್ಟಗಾಯಿತು, ಮೆಗಾಹಿಯದು ಮುಗಿಯಿತು ಎನ್ನುತ್ತಿದ್ದರು. ಆದರೆ ಮೆಗಾಹಿಗೆ ಮೂರು ವರ್ಷ ತುಂಬಿತ್ತು. ಊರುಗೋಲು ಬಿಟ್ಟು ಇನ್ನೂ ಸರಿಯಾಗಿ ನಡೆಯದಿದ್ದಾಗಲೇ ಡ್ರಾಫ್ಟ್‌ಗೆ ಹೆಸರು ಕೊಟ್ಟ. ಬಫಲೊ ಬಿಲ್ಸ್ ತಂಡ ಧೈರ್ಯ ಮಾಡಿ ಮೊದಲ ಸುತ್ತಿನಲ್ಲೇ 23ನೆಯವನಾಗಿ ಆರಿಸಿ, ಒಂದು ವರ್ಷ ಇಡೀ ಆಡಿಸದೆ ಸಂಬಳ ಕೊಟ್ಟು ಗುಣಪಡಿಸಿತು. 2004ರಲ್ಲಿ ಅವನು 1,128 ಗಜ ಓಡಿದ.

ಕ್ಲಾರೆಟ್‌ಗೆ ಇನ್ನೂ ಎರಡು ವರ್ಷ ಕಾಯಬೇಕಿತ್ತು. ಕಾಲೇಜು ತಂಡ ಅವನನ್ನು 2003ರ ಋತುವಿನಿಂದ ಅಮಾನತು ಮಾಡಿತು. ಅವನು ಲೀಗ್‌ನ ಮೇಲೆ ಮೊಕದ್ದಮೆ ಹೂಡಿದ. 2004ರ ಫೆಬ್ರವರಿಯಲ್ಲಿ ಗೆದ್ದ, ಮೇ ತಿಂಗಳಲ್ಲಿ ಮೇಲ್ಮನವಿಯಲ್ಲಿ ಸೋತ. ನಿಯಮ ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಸಾಮೂಹಿಕ ಚೌಕಾಸಿಗೆ ಸೇರಿದ್ದು, ಏಕಸ್ವಾಮ್ಯ ವಿರೋಧಿ ಕಾನೂನು ಅದನ್ನು ಮುಟ್ಟುವಂತಿಲ್ಲ ಎಂದು ಆ ತೀರ್ಪು ಬರೆದವರು ಮುಂದೆ ಸುಪ್ರೀಂ ಕೋರ್ಟ್ ಸೇರಿದ ಸೋನಿಯಾ ಸೊಟೊಮಯೋರ್. ಎರಡು ಋತು ಮೈದಾನ ಕಾಣದೆ 2005ರಲ್ಲಿ ಡ್ರಾಫ್ಟ್‌ಗೆ ಬಂದಾಗ ಕ್ಲಾರೆಟ್‌ನ ಓಟದಲ್ಲಿ ಹಳೆಯ ಚುರುಕು ಇರಲಿಲ್ಲ. ಡೆನ್ವರ್ ತಂಡ 101ನೆಯವನಾಗಿ ತೆಗೆದುಕೊಂಡು, ಋತು ಶುರುವಾಗುವ ಮೊದಲೇ ಆಗಸ್ಟ್‌ನಲ್ಲಿ ಕೈಬಿಟ್ಟಿತು. ಮರುವರ್ಷ ಜೈಲು ಸೇರಿದ. ಎನ್‌ಎಫ್‌ಎಲ್‌ನ ಒಂದೇ ಒಂದು ಋತುಪಂದ್ಯವನ್ನೂ ಆಡಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ನಮ್ಮ ಗಾದೆಯನ್ನು ಇವನಿಗಿಂತ ಕಟುವಾಗಿ ಅನುಭವಿಸಿದ ಆಟಗಾರ ನನಗೆ ಗೊತ್ತಿಲ್ಲ.

ಹಾಗಾಗಿ ಮೂರು ವರ್ಷ ತುಂಬಿದ ಹುಡುಗನಿಗೆ ನಾಲ್ಕನೇ ವರ್ಷ ನಿಮಗೆ ನನಗೆ ಕಾಣುವಂತೆ ಪುಕ್ಕಟೆ ವರ್ಷವಾಗಿ ಕಾಣುವುದಿಲ್ಲ. ದುಡ್ಡಿನ ಲೆಕ್ಕವೂ ಅದನ್ನೇ ಹೇಳುತ್ತದೆ, ಮತ್ತು ಹೊರಗಿನವರು ಇಲ್ಲೇ ಎಡವುವುದು. ಡ್ರಾಫ್ಟ್ ಆದ ಕೂಡಲೇ ಕುಬೇರರಾಗುತ್ತಾರೆ ಎಂದು ಜನ ಭಾವಿಸುತ್ತಾರೆ. 2010ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಸಿಕ್ಕಿದ್ದು ನಿಜ. ಮರುವರ್ಷ ಹೊಸಬರ ಸಂಬಳಕ್ಕೆ ಮಿತಿ ಹಾಕಿದರು. ಅದೇ ಸ್ಥಾನದಲ್ಲಿ ಬಂದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಈಗ ಮೊದಲ ಒಪ್ಪಂದ ನಾಲ್ಕು ವರ್ಷದ್ದು, ಮೊತ್ತ ಹೆಚ್ಚುಕಡಿಮೆ ನೀವು ಎಷ್ಟನೆಯವರಾಗಿ ಆಯ್ಕೆಯಾದಿರಿ ಎಂಬುದರ ಮೇಲೆ ನಿಂತಿದೆ. ಮೂರು ಋತು ಮುಗಿಯುವ ತನಕ ಹೆಚ್ಚಿಸಿ ಎಂದು ಬಾಯಿ ತೆರೆಯುವಂತಿಲ್ಲ. ನಿಜವಾದ ಹಣ ಇರುವುದು ಎರಡನೇ ಒಪ್ಪಂದದಲ್ಲಿ. ಅಲ್ಲಿಗೆ ಇಪ್ಪತ್ತೈದರಲ್ಲಿ ತಲುಪುವುದೋ ಇಪ್ಪತ್ತಾರರಲ್ಲೋ ಎಂಬುದು, ಇಪ್ಪತ್ತೆಂಟಕ್ಕೆ ಸವೆದುಹೋಗುವ ಓಟಗಾರರಿಗೆ ಸಣ್ಣ ವಿಷಯವಲ್ಲ. ನನ್ನ ಹುಡುಗ ಲೆಕ್ಕ ಹಾಕಿದ ಆ 2016ರ ಡಿಸೆಂಬರ್‌ನಲ್ಲೇ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ತನ್ನ ತಂಡದ ಕೊನೆಯ ಪಂದ್ಯವನ್ನೇ ಆಡುವುದಿಲ್ಲ ಎಂದು ಘೋಷಿಸಿದಾಗ ಸ್ವಾರ್ಥಿ ಎಂದು ಬೈದವರಿಗೆ ಕೊರತೆ ಇರಲಿಲ್ಲ. ಏಪ್ರಿಲ್‌ನಲ್ಲಿ ಅವನು ಎಂಟನೆಯವನಾಗಿ ಆಯ್ಕೆಯಾದ. ಬೈದವರಲ್ಲಿ ಯಾರೂ ಅವನ ಮೊಣಕಾಲಿಗೆ ವಿಮೆ ಕಟ್ಟುತ್ತಿರಲಿಲ್ಲ.

ಕಾಲೇಜಿನಲ್ಲೇ ಉಳಿದುಕೊಂಡವರ ಕಥೆಗಳೂ ಇವೆ. ಆಂಡ್ರೂ ಲಕ್ 2011ರಲ್ಲಿ ಕಾಲೇಜಿನಲ್ಲೇ ಉಳಿದು ವಾಸ್ತುಶಿಲ್ಪದ ಪದವಿ ಪಡೆದು ಮರುವರ್ಷ ಮೊದಲಿಗನಾಗಿಯೇ ಹೋದ. ನಮ್ಮ ಕಡೆಯ ತಂದೆತಾಯಿಯರಿಗೆ ಹೇಳಿ ಮಾಡಿಸಿದ ಉದಾಹರಣೆ. 2011ರ ಕೊನೆಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಟ್ ಬಾರ್ಕ್ಲಿಯೂ ಉಳಿಯಲು ತೀರ್ಮಾನಿಸಿದ. 2012ರಲ್ಲಿ ಭುಜಕ್ಕೆ ಪೆಟ್ಟಾಯಿತು, 2013ರಲ್ಲಿ ಅವನ ಹೆಸರು ಕರೆದದ್ದು ನಾಲ್ಕನೇ ಸುತ್ತಿನಲ್ಲಿ, 98ನೆಯದಾಗಿ.

ಹಾಗೆಂದು ಹೊರಟವರೆಲ್ಲ ಜಾಣರು ಎನ್ನುತ್ತಿಲ್ಲ. ಹೊರಡಬೇಕೋ ಬೇಡವೋ ಎಂದು ತೂಗುತ್ತಿರುವವರು ಎನ್‌ಎಫ್‌ಎಲ್‌ನ ಸಲಹಾ ಸಮಿತಿಗೆ ಅರ್ಜಿ ಹಾಕಬಹುದು. ತಂಡಗಳ ಪರೀಕ್ಷಕರೇ ಅದರಲ್ಲಿರುತ್ತಾರೆ. ಅವರ ಉತ್ತರ ಮೂರೇ ಬಗೆ: ಮೊದಲ ಸುತ್ತಿಗೆ ಬರಬಹುದು, ಎರಡನೇ ಸುತ್ತಿಗೆ ಬರಬಹುದು, ಎರಡೂ ಅಲ್ಲ. ಕೊನೆಯದರ ಅರ್ಥ ‘ಓದಿಕೊಂಡಿರಪ್ಪಾ’ ಎಂದು. ನನ್ನ ಹುಡುಗನಿಗೆ ಬಂದದ್ದು ಕೊನೆಯದೇ. ಆದರೂ ಹೋದ. ಅಮ್ಮನ ಬಾಡಿಗೆಗೆ ಆ ಸಮಿತಿಯಲ್ಲಿ ಮತವಿರಲಿಲ್ಲ.

ಅವನ ಕಾಲಕ್ಕೂ ನಿಮ್ಮ ಮಗನ ಸಹಪಾಠಿಯ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಇದನ್ನು ಗಮನಿಸಿ. ಆಗ ಕಾಲೇಜು ಆಟಗಾರರಿಗೆ ಸ್ಕಾಲರ್‌ಷಿಪ್, ಊಟ, ವಸತಿಯ ಆಚೆ ಆಟದ ಹೆಸರಿನಲ್ಲಿ ಗಳಿಸುವುದು ನಿಯಮಬಾಹಿರವಾಗಿತ್ತು. ಒಂದು ಲಕ್ಷ ಜನ ಟಿಕೆಟ್ ಕೊಂಡು ನೋಡುವ ಆಟ, ಆಡುವವನ ಜೇಬು ಖಾಲಿ. 2021ರ ಜುಲೈನಿಂದ ಅವರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಹಂಚಬಹುದು, ಮೊದಲ ವರ್ಷದ ಮಿತಿ ಒಂದೊಂದು ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್. ಇದರಿಂದ ಮಧ್ಯದ ಸುತ್ತುಗಳ ಹುಡುಗರ ಲೆಕ್ಕ ತಲೆಕೆಳಗಾಗಿದೆ, ಬೇಗ ಹೊರಡುವವರ ಸಂಖ್ಯೆ ಇಳಿದಿದೆ. 2025ರಲ್ಲಿ ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ನಡೆಸುವವನು, ಕ್ವಿನ್ ಯೂವರ್ಸ್ ಇನ್ನೊಂದು ವರ್ಷದ ಅವಕಾಶ ಇದ್ದೂ ಹೊರಟ, ಏಳನೇ ಸುತ್ತಿನಲ್ಲಿ 231ನೆಯವನಾಗಿ ಆಯ್ಕೆಯಾದ. ಬೇರೆ ಕಾಲೇಜಿಗೆ ವರ್ಗವಾಗಿ ಒಂದೇ ವರ್ಷ ಆಡಿದ್ದರೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು ಎಂದು ಪತ್ರಿಕೆಗಳು ಬರೆದವು. ನನ್ನ ಹುಡುಗ ಈಗ ಆ ಕೋಣೆಯಲ್ಲಿ ಕೂತಿದ್ದರೆ ನಾನೂ ಉಳಿ ಎಂದೇ ಹೇಳುತ್ತಿದ್ದೆ, ಡಿಗ್ರಿಗಾಗಿ ಅಲ್ಲ.

ಆದ್ದರಿಂದ ಆ ಹುಡುಗ ದಡ್ಡನೋ ಅಲ್ಲವೋ ಎಂದು ಏಪ್ರಿಲ್‌ವರೆಗೆ ತೀರ್ಮಾನಿಸಬೇಡಿ. ಮೊದಲೆರಡು ಸುತ್ತಿನಲ್ಲಿ ಅವನ ಹೆಸರು ಬಂದರೆ ಲೆಕ್ಕ ಸರಿಯಿತ್ತು. ಐದರ ಆಚೆಗೆ ಹೋದರೆ ನಿಮ್ಮ ಅನುಮಾನದಲ್ಲಿ ಹುರುಳಿದೆ.

ಇನ್ನು ಪದವಿ. ಗಳಿಸಿದ ಕ್ರೆಡಿಟ್‌ಗಳನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಮರಳಿ ಬರುವ ಆಟಗಾರರ ಶುಲ್ಕವನ್ನು ಎಷ್ಟೋ ವಿಶ್ವವಿದ್ಯಾಲಯಗಳು ತಾವೇ ಭರಿಸುತ್ತವೆ. 1990ರಲ್ಲಿ, ಬಾಗಿಲು ತೆರೆದ ಆ ಮೊದಲ ವರ್ಷವೇ, ಫ್ಲಾರಿಡಾ ಬಿಟ್ಟು ಹೋದ ಎಮಿಟ್ ಸ್ಮಿತ್ ತಾಯಿಗೆ ಮಾತು ಕೊಟ್ಟಂತೆ 1996ರಲ್ಲಿ ಪದವಿ ಮುಗಿಸಿದ. ಅಷ್ಟರಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಮೂರು ಸಲ ಗೆದ್ದಾಗಿತ್ತು. ಆದರೆ ಹೇಳಿದಷ್ಟು ಸುಲಭವಲ್ಲ. ವಸಂತದ ಸೆಮಿಸ್ಟರ್ ಮೇ ತಿಂಗಳಿಗೆ ಮುಗಿಯುತ್ತದೆ, ತಂಡಗಳ ತಾಲೀಮು ಏಪ್ರಿಲ್‌ನಲ್ಲೇ ಶುರು. ಮಧ್ಯದ ಆ ಕೆಲವು ವಾರಗಳಲ್ಲೇ ಬಹಳಷ್ಟು ಪದವಿಗಳು ಸಿಕ್ಕಿಹಾಕಿಕೊಳ್ಳುತ್ತವೆ.

ನನ್ನ ಹುಡುಗ ಐದನೇ ಸುತ್ತಿನಲ್ಲಿ ಆಯ್ಕೆಯಾದ. ಮೂರು ಋತು ತಂಡದಲ್ಲಿದ್ದ, ಹೆಚ್ಚು ಹೊತ್ತು ಬೆಂಚಿನ ಮೇಲೆ, ಆಮೇಲೆ ಕೈಬಿಟ್ಟರು. ತಾಯಿಗೆ ಮನೆ ಕೊಡಿಸಿದ್ದ, ದೊಡ್ಡದೇನಲ್ಲ. ಎಂಟು ವಿಷಯ ಬಾಕಿ ಇದ್ದವು. ಕೊನೆಯದನ್ನು 2022ರ ಮೇ ತಿಂಗಳಲ್ಲಿ ಬರೆದು, ಅದೇ ಕೋಣೆಯಿಂದ ನನಗೊಂದು ಫೋಟೊ ಕಳಿಸಿದ. ಮೂವತ್ತು ಕಿಲೋ ಇಳಿಸಿದ್ದರೂ ಇನ್ನೂ ಅಡ್ಡವೇ ಕೂತಿದ್ದ. ಕೆಳಗೆ ಒಂದೇ ಸಾಲು: ‘ಈ ಮೇಜನ್ನು ಇನ್ನೂ ಬದಲಾಯಿಸಿಲ್ಲ.’