ಬ್ಯಾಂಕಿನವರು ನೋಡಿದಾರೆ, ಇನ್ನು ಇನ್‌ಸ್ಪೆಕ್ಷನ್ ಯಾಕೆ?

ನಿಮ್ಮ ಪತ್ರದಲ್ಲಿ ಏನಿದೆ ಅಂತ ಉಳಿದ ಓದುಗರಿಗೂ ಮೊದಲು ಹೇಳ್ಬಿಡ್ತೀನಿ. ನೀವು ಹಳೇ ಮನೆ ಒಂದನ್ನ ಕೊಳ್ಳೋಕೆ ಹೊರಟಿದೀರಿ, ಲೋನ್ ಕೊಡೋ ಬ್ಯಾಂಕಿನ ಕಡೆಯವರು ಬಂದು ನೋಡಿ ಓಕೆ ಅಂದಿದಾರೆ, ಮಾರೋರು ಹೊಸದಾಗಿ ಪೇಂಟ್ ಹೊಡೆಸಿಕೊಡ್ತೀವಿ ಅಂದಿದಾರೆ, ಇಷ್ಟೆಲ್ಲ ಆದ್ಮೇಲೂ ದುಡ್ಡು ಕೊಟ್ಟು ಇನ್‌ಸ್ಪೆಕ್ಷನ್, ಅಂದ್ರೆ ಕಟ್ಟಡ ಹೇಗಿದೆ ಅಂತ ತಿಳಿದವರಿಂದ ಪರೀಕ್ಷೆ, ಮಾಡಿಸೋದು ದಂಡ ಅಲ್ವಾ ಅಂತ ನಿಮ್ಮ ಪ್ರಶ್ನೆ. ಬೇಕಾದ್ರೆ ನಮ್ಮ ಕಡೆಯವರೇ ಒಬ್ರಿದಾರೆ, ಕಳಿಸ್ತೀನಿ ಅಂತ ಬ್ರೋಕರ್ ಬೇರೆ ಹೇಳಿದಾರಂತೆ. ನಿಮ್ಮ ಅಣ್ಣ ಅವರ ಮನೆ ಮಾರೋಕೆ ಇಟ್ಟಿದಾರೆ, ಅವರಿಗೂ ಇದು ಬೇಕಾ ಅಂತ ಕೊನೇಲಿ ಒಂದು ಸಾಲು.

ದಂಡ ಅಲ್ಲ. ಬ್ಯಾಂಕಿನ ವ್ಯಾಲ್ಯುಯರ್, ಅಂದ್ರೆ ಆಸ್ತಿಗೆ ಬೆಲೆ ಕಟ್ಟೋರು, ಬಂದಿದ್ದು ಬ್ಯಾಂಕಿಗೋಸ್ಕರ, ನೀವು ನಾಳೆ ಸಾಲ ಕಟ್ಟದೆ ಹೋದ್ರೆ ಈ ಆಸ್ತಿ ಮಾರಿದ್ರೆ ದುಡ್ಡು ವಾಪಸ್ ಬರುತ್ತಾ ಅನ್ನೋದಷ್ಟೇ ಅವರ ಲೆಕ್ಕ. ಅಳತೆ, ಜಾಗ, ಅಕ್ಕಪಕ್ಕದ ರೇಟು ನೋಡ್ತಾರೆ, ಬಾತ್‌ರೂಮಿನ ಕೆಳಗೆ ನೀರು ಒಸರ್ತಿದ್ಯಾ ಅಂತ ಬಗ್ಗಿ ನೋಡಲ್ಲ. ಲಾಯರ್ ನೋಡೋದು ಕಾಗದಪತ್ರ. ಕಟ್ಟಡ ಹೇಗಿದೆ ಅಂತ ನಿಮ್ಮ ಪರವಾಗಿ ನೋಡಿದವರು ಇಲ್ಲೀತನಕ ಒಬ್ರೂ ಇಲ್ಲ.

ಪೇಂಟ್ ವಿಷಯ ಓದಿದಾಗ ನನಗೆ ಸ್ವಲ್ಪ ಅನುಮಾನಾನೇ ಬಂತು. ಗೋಡೆ ಒಳಗೆ ಸೇರಿದ ನೀರು ಉಪ್ಪಿನಂಶ ಕರಗಿಸ್ಕೊಂಡು ಹೊರಗೆ ಬರುತ್ತೆ, ನೀರು ಆರಿಹೋಗಿ ಬಿಳೀ ಪುಡಿ ಉಳ್ಕೊಳುತ್ತೆ, ಪುಟ್ಟಿ ಬಳಿದು ಎರಡು ಕೋಟ್ ಹೊಡೆದ್ರೆ ಸ್ವಲ್ಪ ದಿನ ಏನೂ ಕಾಣಲ್ಲ, ಆಮೇಲೆ ಅದೇ ಜಾಗ ಗುಳ್ಳೆ ಏಳುತ್ತೆ. ಮಾರೋರು ಮುಚ್ಚಿಡ್ತಿದಾರೆ ಅಂತ ಹೇಳ್ತಿಲ್ಲ, ಮನೆ ಚೆನ್ನಾಗಿ ಕಾಣ್ಲಿ ಅಂತ ಹೊಡೆಸೋರೇ ಜಾಸ್ತಿ. ಆದ್ರೂ ಇನ್‌ಸ್ಪೆಕ್ಷನ್ ಮುಗಿಯೋತನಕ ಪೇಂಟ್ ಬೇಡ ಅಂತ ಕೇಳ್ಕೊಳ್ಳಿ. ತೇವ ನೋಡೋ ಮೀಟರ್ ಇದೆ, ಥರ್ಮಲ್ ಕ್ಯಾಮೆರಾನೂ ಇದೆ, ಆದ್ರೆ ಆ ಕ್ಯಾಮೆರಾ ಗೋಡೆ ಒಳಗೆ ನೋಡುತ್ತೆ ಅನ್ನೋದು ಸುಳ್ಳು, ಮೇಲ್ಮೈ ಎಷ್ಟು ಬಿಸಿ ಎಷ್ಟು ತಂಪು ಅಂತಷ್ಟೇ ತೋರಿಸುತ್ತೆ, ತೇವ ಆರ್ತಿರೋ ಜಾಗ ತಂಪಾಗಿರೋದ್ರಿಂದ ಸುಳಿವು ಸಿಗುತ್ತೆ ಅಷ್ಟೆ. ಗೋಡೇಲಿ ಉಪ್ಪಿದ್ರೆ ಮೀಟರೂ ತೇವ ಜಾಸ್ತಿ ಅಂತ ತೋರಿಸ್ಬಹುದು, ಹಾಗಾಗಿ ಮಷಿನ್‌ಗಿಂತ ಅದನ್ನ ಹಿಡಿದವರು ಮುಖ್ಯ.

ಬಿರುಕು ಕಂಡ ತಕ್ಷಣ ಗಾಬರಿ ಬೀಳ್ಬೇಡಿ. ಪ್ಲಾಸ್ಟರ್ ಮೇಲಿನ ಕೂದಲೆಳೆ ಬಿರುಕು ಎಲ್ಲಾ ಮನೇಲೂ ಇರುತ್ತೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿರೋದು, ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ ಇರೋದು, ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರೋದು, ಇಂಥವು ತಳಪಾಯ ಒಂದು ಕಡೆ ಕುಸಿದಿರೋ ಲಕ್ಷಣ ಇರ್ಬಹುದು. 5 ಮಿಲಿಮೀಟರ್‌ಗಿಂತ ಅಗಲ ಇದ್ರಂತೂ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸ್ಲೇಬೇಕು. ಬೀಮ್ ಉದ್ದಕ್ಕೂ ಕಂದು ಗೆರೆ ಇದ್ದು, ತಟ್ಟಿದ್ರೆ ಟೊಳ್ಳು ಸದ್ದು ಬಂದ್ರೆ ಒಳಗಿನ ಕಂಬಿ ತುಕ್ಕು ಹಿಡೀತಿದೆ ಅಂತ ಅನುಮಾನ ಪಡ್ಬೇಕು, ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತೆ, ಕಾಂಕ್ರೀಟನ್ನ ಹೊರಗೆ ತಳ್ಳುತ್ತೆ. ಕರೆಂಟ್ ವಿಷಯದಲ್ಲಿ, ಸಾಕೆಟ್‌ನಲ್ಲಿ ಅರ್ತಿಂಗ್ ತೂತು ಇದ್ದು ಅದರ ಹಿಂದೆ ಅರ್ತಿಂಗ್ ವೈರೇ ಇಲ್ಲದ ಮನೆಗಳಿರುತ್ವೆ, ಕೇಳಿ ಚೆಕ್ ಮಾಡಿಸಿ.

ಹಾಗಂತ ರಿಪೋರ್ಟ್ ಬಂತು ಅಂದ್ರೆ ಗ್ಯಾರಂಟಿ ಬಂತು ಅಂತಲ್ಲ. ಗೋಡೆ ಒಡೆದು ನೋಡಲ್ಲ, ಕಣ್ಣಿಗೆ ಕೈಗೆ ಸಿಕ್ಕಿದ್ದು ಮಾತ್ರ. ನೆಲದಡಿಯ ಡ್ರೈನೇಜ್ ಪೈಪಿಗೆ ಕ್ಯಾಮೆರಾ ಇಳಿಸೋದು, ಗೆದ್ದಲು ನೋಡೋದು ಸಾಮಾನ್ಯವಾಗಿ ಬೇರೆ ಕೆಲಸ, ಬೇರೆ ಫೀಸು. ರಿಪೋರ್ಟ್‌ನಲ್ಲಿ ನಾನು ಮೊದಲು ಹುಡುಕೋದು ಏನು ನೋಡೋಕೆ ಆಗ್ಲಿಲ್ಲ ಅಂತ ಬರೆದಿರೋ ಭಾಗ, ಬೀಗ ಹಾಕಿದ್ದ ರೂಮು, ಹತ್ತೋಕಾಗದ ಛಾವಣಿ, ಬೀರು ಅಡ್ಡ ಇದ್ದ ಗೋಡೆ.

ಬ್ರೋಕರ್ ಕಳಿಸೋರು ಬೇಡವೇ ಬೇಡ. ಅವರು ಒಳ್ಳೆಯವರೇ ಇರ್ಬಹುದು, ಆದ್ರೆ ವ್ಯಾಪಾರ ಕುದುರಿದ್ರೆ ಮಾತ್ರ ಕಮಿಷನ್ ಸಿಗೋರು ಹುಡುಕಿಕೊಟ್ಟ ಮನುಷ್ಯ ವ್ಯಾಪಾರ ಕೆಡಿಸೋ ಮಾತು ಬಾಯಿಬಿಟ್ಟು ಹೇಳೋದು ಕಷ್ಟ. ತಪ್ಪು ತೋರಿಸಿ ರಿಪೇರಿನೂ ನಾನೇ ಮಾಡ್ತೀನಿ ಅನ್ನೋರೂ ಬೇಡ. ನೀವೇ ಹುಡುಕಿ, ನೀವೇ ಫೀಸ್ ಕೊಡಿ, ನೋಡೋವಾಗ ಜೊತೇಲಿ ಇರಿ, ಬರೆಯೋಕೆ ಹಿಂಜರಿಯೋದನ್ನ ಬಾಯಲ್ಲಿ ಹೇಳ್ತಾರೆ.

ಇದೆಲ್ಲ ಆಗ್ಬೇಕಾಗಿರೋದು ಅಡ್ವಾನ್ಸ್ ಕೊಡೋ ಮುಂಚೆ. ಅಷ್ಟರೊಳಗೆ ಆಗಲ್ಲ ಅಂದ್ರೆ, ದೊಡ್ಡ ದೋಷ ಸಿಕ್ರೆ ಅಡ್ವಾನ್ಸ್ ವಾಪಸ್ ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ. ಸೋರೋ ನಲ್ಲಿ ಹಿಡ್ಕೊಂಡು ಚೌಕಾಸಿ ಮಾಡ್ಬೇಡಿ, ಛಾವಣಿ, ತಳಪಾಯ, ವೈರಿಂಗ್, ಡ್ರೈನೇಜ್ ಇವಕ್ಕೆ ಮಾತಾಡಿ. ರಿಪೇರಿ ಮಾಡಿಸಿಕೊಡಿ ಅನ್ನೋದಕ್ಕಿಂತ ರೇಟು ಇಳಿಸಿ ಅನ್ನೋದು ವಾಸಿ ಅಂತ ನನ್ನ ಅಭಿಪ್ರಾಯ, ಬಿಟ್ಟುಹೋಗೋ ಮನೆಗೆ ಯಾರೂ ಮನಸ್ಸಿಟ್ಟು ರಿಪೇರಿ ಮಾಡಿಸಲ್ಲ.

ಇನ್ನು ನಿಮ್ಮ ಅಣ್ಣನ ವಿಷಯ. ಮಾರೋರು ಮೊದಲೇ ಮಾಡಿಸ್ಕೊಂಡ್ರೆ, ಕೊಳ್ಳೋರು ಕೊನೇ ಗಳಿಗೇಲಿ ದೋಷ ತೋರಿಸಿ ರೇಟು ಜಗ್ಗಾಡೋದು ಕಮ್ಮಿ ಆಗುತ್ತೆ, ಎರಡು ಮೂರು ಕಡೆ ಕೊಟೇಶನ್ ತಗೊಂಡು ನಿಧಾನವಾಗಿ ಸರಿ ಮಾಡಿಸೋಕೂ ಟೈಮ್ ಇರುತ್ತೆ. ಆದ್ರೆ ಒಂದು ಸಲ ಗೊತ್ತಾದ್ಮೇಲೆ ಗೊತ್ತಿಲ್ಲ ಅನ್ನೋ ಹಾಗಿಲ್ಲ, ಗೊತ್ತಿದ್ದೂ ಮುಚ್ಚಿಟ್ಟ ದೋಷಕ್ಕೆ ಮಾರಿದವರನ್ನ ಕೋರ್ಟಿಗೆ ಎಳೆಯೋಕೆ ಬಹಳಷ್ಟು ದೇಶಗಳ ಕಾನೂನಲ್ಲಿ ದಾರಿ ಇದೆ, ಅದಕ್ಕೇ ಮಾಡಿಸೋ ಮುಂಚೆ ಲಾಯರ್ ಹತ್ರ ಒಂದು ಮಾತು ಕೇಳ್ಲಿ. ಮತ್ತೆ ಆ ರಿಪೋರ್ಟ್ ಕೈಗೆ ಕೊಟ್ರೂ ಕೊಳ್ಳೋರು ತಮ್ಮದೇ ಜನ ಕರ್ಕೊಂಡು ಬಂದ್ರೆ ಬೇಜಾರ್ ಮಾಡ್ಕೋಬಾರ್ದು ಅಂತ ಹೇಳಿ.