ಗಿಡ ನೆಟ್ಟರೆ ಹಾಡುಹಕ್ಕಿಗಳು ಮರಳಿ ಬರುತ್ತವೆಯೇ?

ಹಾಡುಹಕ್ಕಿಗಳಿಗೆಂದೇ ಕಾಡು ಬೆಳೆಸಿದ ಜಾಗ ಎಲ್ಲಾದರೂ ಇದೆಯೇ, ಗಿಡ ನೆಟ್ಟರೆ ಹಕ್ಕಿಗಳು ಬಂದೇ ಬರುತ್ತವೆಯೇ ಎಂದು ಕೇಳಿದ್ದೀರಿ. ಅಂಥ ಜಾಗ ಇದೆ. ಬರುತ್ತವೆಯೇ ಎಂದರೆ, ಯಾವ ಹಕ್ಕಿ ಎಂದು ನಾನೇ ನಿಮ್ಮನ್ನು ತಿರುಗಿ ಕೇಳಬೇಕಾಗುತ್ತದೆ.

ಹವಾಯಿಯ ಮೌನಾ ಕೀಯ ಪರ್ವತದ ಪೂರ್ವದ ಇಳಿಜಾರಿನಲ್ಲಿ ಹಕಲಾವ್ ಎಂಬ ವನ್ಯಜೀವಿಧಾಮವಿದೆ. ಕಾಡುಹಕ್ಕಿಗಳ ಉಳಿವಿಗಾಗಿ 1985ರಲ್ಲಿ ಸ್ಥಾಪಿಸಿದ್ದು. ಕೆಲವು ವರ್ಷಗಳ ಹಿಂದೆ ಸ್ವಯಂಸೇವಕರ ತಂಡದ ಜೊತೆ ಹೋಗಿ ಎರಡು ದಿನ ಸಸಿ ನೆಟ್ಟು ಬಂದೆ. ಕೈಗೆ ಕೊಟ್ಟದ್ದು ಕೋವಾ ಸಸಿ. ಅದೂ ಅಕೇಶಿಯಾ ಜಾತಿಯದೇ ಎಂದು ತಿಳಿದಾಗ ನಗು ಬಂತು. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ನಮ್ಮ ಗುಡ್ಡಗಳಿಗೆ ಹೊರದೇಶದ ಅಕೇಶಿಯಾ ತಂದು ನೆಟ್ಟದ್ದನ್ನು ಬೈಯುತ್ತಲೇ ಬೆಳೆದವನು. ಕೋವಾ ಮಾತ್ರ ಹವಾಯಿಯ ಸ್ವಂತ ಮರ, ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ.

ದನ ಮೇಯಿಸಿ ಬೋಳಾದ ಎತ್ತರದ ಹುಲ್ಲುಗಾವಲುಗಳಲ್ಲಿ ಇಂಥ ಲಕ್ಷಾಂತರ ಸಸಿಗಳನ್ನು ನೆಟ್ಟಿದ್ದಾರೆ. ಬಯಲಿನ ರಾತ್ರಿಯ ಹಿಮಕ್ಕೆ ಓಹಿಯಾದಂಥ ಅಲ್ಲಿನ ಮರಗಳ ಎಳೆಗಿಡಗಳು ಕರಟಿಹೋಗುತ್ತವೆ. ಹಾಗಾಗಿ ಬೇಗ ಬೆಳೆಯುವ ಕೋವಾ ಮೊದಲು, ಅದರ ಆಸರೆಯಲ್ಲಿ ಉಳಿದವು.

ಆದರೆ ನನಗೆ ನೆಡುವ ಕೆಲಸಕ್ಕಿಂತ ಬೇಲಿಯ ಕೆಲಸವೇ ದೊಡ್ಡದಾಗಿ ಕಂಡಿತು. ಕಾಡುಬಿದ್ದ ಹಂದಿಗಳು ಮರದೆತ್ತರದ ಜರೀಗಿಡಗಳನ್ನು ಉರುಳಿಸಿ ಒಳಗಿನ ತಿರುಳು ತಿನ್ನುತ್ತವೆ. ಟೊಳ್ಳಾದ ಕಾಂಡದಲ್ಲಿ ಮಳೆನೀರು ನಿಲ್ಲುತ್ತದೆ, ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ಸೊಳ್ಳೆ ಆ ದ್ವೀಪಗಳದ್ದಲ್ಲ; 19ನೇ ಶತಮಾನದಲ್ಲಿ ಹಡಗುಗಳಲ್ಲಿ ಬಂದದ್ದು. ಅದು ಹರಡುವ ಹಕ್ಕಿಮಲೇರಿಯಾವನ್ನು ಅಲ್ಲಿನ ಹಲವು ಹಕ್ಕಿಗಳು ತಡೆಯಲಾರವು. ಕೆಂಪುಬಣ್ಣದ, ಬಾಗಿದ ಕೊಕ್ಕಿನ ಇಈವಿ ಹಕ್ಕಿ ಸಾಯಲು ರೋಗವಿರುವ ಸೊಳ್ಳೆಯ ಒಂದು ಕಡಿತವೇ ಸಾಮಾನ್ಯವಾಗಿ ಸಾಕು. ಹಕಲಾವ್‌ನ ಮೇಲ್ಭಾಗದಲ್ಲಿ ಅವು ಉಳಿದಿರುವುದಕ್ಕೆ ಮುಖ್ಯ ಕಾರಣ ಚಳಿ: ಅಲ್ಲಿ ಸೊಳ್ಳೆಯೂ ರೋಗಾಣುವೂ ಸರಿಯಾಗಿ ಬೆಳೆಯುವುದಿಲ್ಲ. ಭೂಮಿ ಬಿಸಿಯಾದಂತೆ ಸೊಳ್ಳೆ ಬದುಕಬಲ್ಲ ಎತ್ತರದ ಗೆರೆ ಮೇಲೇರುತ್ತಿದೆ. ಆದ್ದರಿಂದಲೇ ಬೆಟ್ಟದ ಮೇಲಿನ ಬಯಲಿನಲ್ಲಿ ಕಾಡು ಬೆಳೆಸುವ ಆತುರ.

ಇನ್ನು ಆಕೆಪ ಎಂಬ ಪುಟ್ಟ ಹಕ್ಕಿ. ಗಂಡು ಕಿತ್ತಳೆಬಣ್ಣದ್ದು. ಗೂಡಿಗೆ ಮರದ ಪೊಟರೆಯೇ ಬೇಕು. ಪೊಟರೆ ಮೂಡುವುದು ಮುದಿಮರಗಳಲ್ಲಿ. ನಾನು ನೆಟ್ಟ ಕೋವಾ ಅಷ್ಟು ಮುದಿಯಾಗುವುದನ್ನು ನನ್ನ ಮೊಮ್ಮಕ್ಕಳೂ ನೋಡಲಾರರು. ಅಲ್ಲಿಯವರೆಗೆ ಆಕೆಪ ಹಳೆಯ ಕಾಡಿನಲ್ಲೇ ಮರಿ ಮಾಡಬೇಕು.

ನಿಮ್ಮ ಜಮೀನಿನಲ್ಲಿ ಪೊಟರೆಯಿರುವ ಹಳೆಯ ಮರ ಯಾವುದಾದರೂ ನಿಂತಿದೆಯೇ? ಹೊಸ ಗಿಡಗಳಿಗೆ ಜಾಗ ಮಾಡಲೆಂದು ಅದನ್ನು ಉರುಳಿಸಬೇಡಿ.