ಕಚ್ಚಿದ ಹಲ್ಲು ಯಾರದು?
ತೋಟ–ಗದ್ದೆಯ ಕಾಟ: ಓದುಗರ ಪ್ರಶ್ನೆ, ಶಿರಸಿ ಕಡೆಯ ಕೃಷಿಕನೊಬ್ಬನ ಉತ್ತರ

ಪ್ರಶ್ನೆ: ನಮ್ಮ ಮನೆಯ ಸುತ್ತ 40 ತೆಂಗಿನ ಮರಗಳಿವೆ. ದಿನವೂ ಎಳೆಗಾಯಿ ತೂತಾಗಿ ಬೀಳುತ್ತದೆ. ಕಾಂಡಕ್ಕೆ ತಗಡು ಕಟ್ಟಿಸಿದೆ, ಇಲಿ ಕಡಿಮೆಯಾಗಲಿಲ್ಲ. ತಗಡೇ ಸರಿ ಇಲ್ಲವೇ? – ಓದುಗರು, ಅಂಕೋಲಾ

ಉತ್ತರ: ಮೊದಲು ಬಿದ್ದ ಕಾಯಿಯನ್ನು ಎತ್ತಿ ನೋಡಿ. ತೊಟ್ಟಿನ ಬುಡಕ್ಕೆ ತಾಗಿ ತೂತಿದ್ದು, ಅಂಚಿನಲ್ಲಿ ಸಣ್ಣ ಉಳಿಯಿಂದ ಕೆತ್ತಿದಂತೆ ಗೀರುಗಳಿದ್ದರೆ ಅದು ಇಲಿಯೇ. ಮಂಗಕ್ಕೆ ಅಷ್ಟು ನಾಜೂಕಿಲ್ಲ, ಕಿತ್ತು ಬಿಸಾಡುತ್ತದೆ. ನಾನು ಒಂದು ವರ್ಷ ಮಂಗಗಳನ್ನು ಬೈಯುತ್ತ ಕಳೆದು, ಕೊನೆಗೊಂದು ದಿನ ಕಾಯಿಯನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಕೆಲಸವೆಲ್ಲ ಇಲಿಯದು.

ಇನ್ನು ತಗಡು. ಅದು 40 ಸೆಂಟಿಮೀಟರ್ ಅಗಲವಿರಬೇಕು, ನೆಲದಿಂದ 2 ಮೀಟರ್ ಎತ್ತರದಲ್ಲಿರಬೇಕು. ಗೇಣಗಲದ ಪಟ್ಟಿಯನ್ನು ಇಲಿ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕರಾವಳಿಯ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿದು ಒರಟಾದರೆ ಉಗುರಿಗೆ ಹಿಡಿತ ಸಿಕ್ಕಿಬಿಡುತ್ತದೆ. ಕಾಂಡಕ್ಕೆ ಬಿಗಿಯಾಗಿ ಸುತ್ತಲು ಹೆದರಬೇಡಿ, ತೆಂಗು ಮಾವಿನ ಹಾಗೆ ವರ್ಷ ವರ್ಷ ದಪ್ಪವಾಗುವ ಮರವಲ್ಲ. ಆದರೆ ಅಂಚನ್ನು ಮಡಿಸಿ. ನಮ್ಮಲ್ಲಿ ಕಾಯಿ ಕೊಯ್ಯಲು ಬಂದವನ ಅಂಗೈ ಸೀಳಿತು. ಅವನು ಮುಂದಿನ ಎರಡು ಕೊಯ್ಲಿಗೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ, ತಪ್ಪು ನನ್ನದೇ.

ನಿಮ್ಮ ತೊಂದರೆ ಮಾತ್ರ ಬೇರೆ ಇರಬೇಕು. ತಗಡು ಕಟ್ಟಿದ ದಿನ ಇಲಿ ಎಲ್ಲಿತ್ತು? ಮೇಲಿತ್ತು. ಮರದ ತಲೆಯಲ್ಲೇ ಗೂಡು ಮಾಡಿ, ಅಲ್ಲೇ ಮರಿ ಹಾಕಿ, ಎಳನೀರು ಕುಡಿದು ಬದುಕುವ ಪ್ರಾಣಿಗೆ ಕೆಳಗಿಳಿಯುವ ದರ್ದೇನು? ನೀವು ಅದನ್ನು ಹೊರಗೆ ತಡೆದಿಲ್ಲ, ಒಳಗೆ ಕೂಡಿ ಹಾಕಿದ್ದೀರಿ. ಗರಿಗೆ ಗರಿ ತಾಗಿದ್ದರಂತೂ 40 ಮರವೂ ಅದಕ್ಕೆ ಒಂದೇ ಮನೆ. ತಾಗುವ ಗರಿಗಳನ್ನು ಕಡಿಸಿ. ಆಮೇಲೆ ಬ್ರೋಮಾಡಿಯೋಲೋನ್ ಮೇಣದ ಬಿಲ್ಲೆ, ಶೇ 0.005ರದ್ದು, 10 ಗ್ರಾಮಿನದು. ಐದು ಮರಕ್ಕೆ ಒಂದು ಮರವನ್ನು ಆರಿಸಿ ಅದರ ತಲೆಯಲ್ಲಿ ಇಡಿಸಿ. 12 ದಿನ ಬಿಟ್ಟು ಇನ್ನೊಮ್ಮೆ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಇಲಿ ತಿಂದ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಬೇಕು. ಹಾಗಾಗಿ ಉಳಿದವಕ್ಕೆ ತಿಂಡಿಯ ಮೇಲೆ ಗುಮಾನಿ ಬರುವುದಿಲ್ಲ. ಬಿದ್ದ ಇಲಿಗಳನ್ನು ದಿನವೂ ಆರಿಸಿ ಆಳವಾಗಿ ಹೂಳಿ. ಬೆಕ್ಕು, ಗೂಬೆ ಅವನ್ನು ತಿಂದರೆ ಅವೂ ಉಳಿಯಲಿಕ್ಕಿಲ್ಲ. ಬರಿಗೈಯಲ್ಲಿ ಮುಟ್ಟಬೇಡಿ, ಇಲಿ ಜ್ವರದ ಹೆಸರು ಸುಮ್ಮನೆ ಬಂದದ್ದಲ್ಲ.

ಪ್ರಶ್ನೆ: ಗಜನಿಯಲ್ಲಿ, ಅಂದರೆ ಸಮುದ್ರದ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುತ್ತೇವೆ. ಬದುವಿನ ತುಂಬ ಹೆಗ್ಗಣದ ಬಿಲಗಳು. ಯಾವ ವಿಷ ಒಳ್ಳೆಯದು? – ಓದುಗರು, ಕುಮಟಾ

ಉತ್ತರ: ನಿಮಗೆ ವಿಷ ಬೇಡ. ಭತ್ತ ಮುಗಿದ ಮೇಲೆ ಅದೇ ನೀರಿನಲ್ಲಿ ಸಿಗಡಿ, ಮೀನು ಹಿಡಿಯುವವರು ನೀವೇ ಅಲ್ಲವೇ? ಹೆಗ್ಗಣ ಹಿಡಿಯುವ ಬಿದಿರಿನ ಬಿಲ್ಲು ಕತ್ತರಿ ಮಾಡಿಸಿ. ತಂಜಾವೂರಿನ ಕಡೆ ಇದಕ್ಕೆ ಕಿಟ್ಟಿ ಎನ್ನುತ್ತಾರೆ. ಬಗ್ಗಿಸಿದ ಬಿದಿರು, ಒಂದು ದಾರ, ನಡುವೆ ತಿಂಡಿ, ಅಷ್ಟೇ. ಕಬ್ಬಿಣವಿಲ್ಲದ್ದರಿಂದ ಉಪ್ಪುನೀರಿಗೂ ಜಗ್ಗುವುದಿಲ್ಲ. ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ ಬನ್ನಿ. ಬೆಳಿಗ್ಗೆ ತೆರೆದಿರುವವುಗಳಲ್ಲಿ ಮಾತ್ರ ಹೆಗ್ಗಣವಿದೆ, ಕತ್ತರಿ ಅಲ್ಲಿಗೆ ಮಾತ್ರ ಸಾಕು. ಮೊದಲ ಒಂದೆರಡು ರಾತ್ರಿ ಬಿಲ್ಲನ್ನು ಹೂಡದೆ ಬರಿಯ ತಿಂಡಿ ಇಡಿ, ಹೆಗ್ಗಣಕ್ಕೆ ಹೊಸ ವಸ್ತು ಕಂಡರೆ ಆಗದು. ಪೈರು ಹೊಡೆಯಾಗುವ (ಒಳಗೆ ತೆನೆ ಕಟ್ಟುವ) ಮೊದಲೇ, ಪಕ್ಕದ ಗದ್ದೆಯವರನ್ನೂ ಕೂಡಿಸಿಕೊಂಡು ಮಾಡಬೇಕು. ನೀವೊಬ್ಬರೇ ಹಿಡಿದರೆ ಅವರ ಬದುವಿನಿಂದ ಹೊಸ ಒಕ್ಕಲು ಬರುತ್ತದೆ. ಗದ್ದೆಯಲ್ಲಿ ಅಲ್ಲಲ್ಲಿ ಅಡ್ಡಪಟ್ಟಿಯ ಕೋಲು ನೆಟ್ಟರೆ ರಾತ್ರಿ ಗೂಬೆ ಬಂದು ಕೂರುತ್ತದೆ. ಮನೆಯ ಮಾಡಿನ ಮೇಲೆ ಗೂಬೆ ಬೇಡ ಎನ್ನುವವರು ಗದ್ದೆಯಲ್ಲಾದರೂ ಅದಕ್ಕೆ ಜಾಗ ಕೊಡಿ. ಕೇರೆ ಹಾವನ್ನು ಹೊಡೆಯುವವರಿಗೆ ಈ ಅಂಕಣದಲ್ಲಿ ಉತ್ತರ ಸಿಗುವುದಿಲ್ಲ.

ಪ್ರಶ್ನೆ: ಮೊಲ ಹೊಡೆಯಲು ಏರ್‌ಗನ್ ಕೊಳ್ಳಬೇಕೆಂದಿದ್ದೇನೆ. ಲೈಸೆನ್ಸ್ ಬೇಡವಂತೆ, ಹೌದೇ? – ಯುವ ಓದುಗ, ಶಿರಸಿ

ಉತ್ತರ: 4.5 ಮಿಲಿಮೀಟರ್ ನಳಿಗೆ ಮತ್ತು 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ, ನಿಜ. ಬೇಡದಿರುವುದು ಕೋವಿಗೆ. ಮೊಲಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ತಗಡಿನ ಡಬ್ಬಕ್ಕೆ ಗುರಿಯಿಟ್ಟು ಕಲಿಯುವುದಾದರೆ ಕೊಳ್ಳಿ, ಹಿಂದೆ ಮಣ್ಣಿನ ದರೆ ಇರಲಿ.

ನನ್ನ ಅಜ್ಜ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಹಿಡಿದು ಶಿಕಾರಿಗೆ ಹೋಗುತ್ತಿದ್ದವನು. ಮಳೆಯಲ್ಲಿ ಮದ್ದು ನೆನೆಯದಂತೆ ಕೋವಿಯ ಬಾಯಿಗೆ ಬಾಳೆಲೆ ಕಟ್ಟುತ್ತಿದ್ದ. ಆ ಕೋವಿ ಈಗ ಬೆಳೆ ರಕ್ಷಣೆಯ ಪರವಾನಗಿಯಲ್ಲಿ ನನ್ನ ಬಳಿಯಿದೆ. ಪ್ರತಿ ಚುನಾವಣೆಗೆ ಠಾಣೆಗೆ ಹೋಗಿ ಬರುವುದಷ್ಟೇ ಅದರ ಕೆಲಸ. ಆ ಪರವಾನಗಿ ಇದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯುವಂತಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅಪ್ಪಣೆ ಬೇರೆಯೇ ಬೇಕು. ಉರುಳು ಹಾಕುವ ಯೋಚನೆಯೂ ಬೇಡ. ಉರುಳಿಗೆ ಹಂದಿ, ಚಿರತೆ, ನೆರೆಮನೆಯ ನಾಯಿ ಎಲ್ಲವೂ ಒಂದೇ.

ಪ್ರಶ್ನೆ: ಮಂಗ ಓಡಿಸಲು ಕಾರ್ಬೈಡ್ ಹಾಕುವ ಪಿವಿಸಿ ಪೈಪಿನ ಗನ್ ಹೇಗೆ? – ಓದುಗರು, ಸಿದ್ದಾಪುರ

ಉತ್ತರ: ನಾಲ್ಕು ದಿನ ಮಂಗ ಹೆದರುತ್ತದೆ, ಆಮೇಲೆ ನಾವು ಹೆದರಬೇಕು. ಸಿಡಿಯಲಿಲ್ಲವೆಂದು ನಳಿಗೆಯೊಳಗೆ ಇಣುಕಿದವರು ಕಣ್ಣು ಕಳೆದುಕೊಂಡಿದ್ದಾರೆ. ನಾನು ಹುಲಿಯ ಗೊಂಬೆ ತಂದಿಟ್ಟೆ. ಮೂರನೆಯ ದಿನ ಅದರ ಬೆನ್ನ ಮೇಲೆ ಕುಳಿತು ಮಂಗವೊಂದು ನನ್ನದೇ ಬಾಳೆಹಣ್ಣು ಸುಲಿಯುತ್ತಿತ್ತು. ಈಗ ನಾಯಿ ಮತ್ತು ಕಾಯುವ ಮನುಷ್ಯ, ಇವೆರಡನ್ನೇ ನಂಬಿದ್ದೇನೆ. ನಿಮ್ಮದು ಸಿದ್ದಾಪುರವಾದ್ದರಿಂದ ಇನ್ನೊಂದು ಮಾತು: ತೋಟದಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಎಳೆದು ಹಾಕಬೇಡಿ. ಅದರ ಮೈಯಿಂದ ಇಳಿದ, ರಕ್ತ ಹೀರುವ ಉಣುಗುಗಳು ಸುತ್ತಲ ತರಗೆಲೆಯಲ್ಲಿ ಇರುತ್ತವೆ, ಮಂಗನ ಕಾಯಿಲೆ ಬರುವುದು ಅವುಗಳಿಂದ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಫೋನ್ ಮಾಡಿ, ಅವರು ಬರುವವರೆಗೆ ಕೊಟ್ಟಿಗೆಯ ದನಗಳನ್ನೂ ಆ ಕಡೆ ಬಿಡಬೇಡಿ.